ಚಿಕಿತ್ಸಕ ಸಿದ್ಧ ಆಹಾರದ ಇತಿಹಾಸ

ತೀವ್ರ ಅಪೌಷ್ಟಿಕತೆಗೆ ತುತ್ತಾದ, ಆರು ತಿಂಗಳು ದಾಟಿದ ಮಕ್ಕಳಿಗೆ ಬೇಯಿಸದೆ, ನೀರು ಬೆರೆಸದೆ ನೇರವಾಗಿ ತಿನ್ನಿಸುವ ಶಕ್ತಿಭರಿತ ಆಹಾರ. ಕಡಲೆಕಾಯಿ ಬೀಜದ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಮತ್ತು ಖನಿಜಗಳು ಇದರ ಮುಖ್ಯ ಘಟಕಗಳು.

ಮೈ ಊದಿ, ಕೂದಲು ಕೆಂಚಾಗಿ, ಚರ್ಮ ಸುಲಿದು ಮಕ್ಕಳು ಸಾಯುವ ರೋಗವನ್ನು ಡಾ. ಸಿಸಿಲಿ ವಿಲಿಯಮ್ಸ್ 1933ರಲ್ಲಿ ಇಂದಿನ ಘಾನಾದಿಂದ ವರದಿ ಮಾಡಿದರು. ಅದೇ ಕ್ವಾಶಿಯೋರ್ಕರ್. ಮುಂದಿನ ಕೆಲವು ದಶಕ ವಿಜ್ಞಾನಿಗಳ ಗಮನವೆಲ್ಲ ಪ್ರೋಟೀನಿನ ಕೊರತೆಯ ಮೇಲಿತ್ತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 75 ಭಾಗ ಕಡಲೆಕಾಯಿ ಹಿಟ್ಟಿಗೆ 25 ಭಾಗ ಕಡಲೆಹಿಟ್ಟು ಸೇರಿಸಿ ರೂಪಿಸಿದ ‘ವಿವಿಧೋದ್ದೇಶ ಆಹಾರ’ ಆ ಕಾಲದ್ದು.

1990ರ ದಶಕದಲ್ಲಿ ಎಫ್-75, ಎಫ್-100 ಎಂಬ ಚಿಕಿತ್ಸಕ ಹಾಲುಗಳು ಬಂದವು. ಅವು ಜೀವ ಉಳಿಸಿದವು, ನಿಜ. ಆದರೆ ಹಾಲಿನ ಪುಡಿ ಕದಡಲು ಶುದ್ಧ ನೀರು ಬೇಕು, ಕದಡಿದ್ದು ಬೇಗ ಕೆಡುತ್ತದೆ. ಹಾಗಾಗಿ ತಾಯಿ ಮನೆ, ಹೊಲ, ಉಳಿದ ಮಕ್ಕಳನ್ನು ಬಿಟ್ಟು ವಾರಗಟ್ಟಲೆ ಆಸ್ಪತ್ರೆಯಲ್ಲಿ ಇರಬೇಕಿತ್ತು. ಎಷ್ಟೋ ತಾಯಂದಿರಿಗೆ ಅದು ಆಗದ ಮಾತು.

ಈ ಗಂಟನ್ನು ಬಿಡಿಸಿದವರು ಫ್ರಾನ್ಸಿನ ವೈದ್ಯ ಆಂದ್ರೆ ಬ್ರಿಯಾಂ ಮತ್ತು ನ್ಯೂಟ್ರಿಸೆಟ್ ಸಂಸ್ಥೆಯ ಮಿಶೆಲ್ ಲೆಸ್ಕಾನ್. 1996ರ ಸುಮಾರಿಗೆ ಅವರು ಎಫ್-100ರ ಹಾಲಿನ ಪುಡಿಯಲ್ಲಿ ಒಂದು ಪಾಲು ತೆಗೆದು ಕಡಲೆಕಾಯಿ ಪೇಸ್ಟ್ ಹಾಕಿದರು. ನೀರನ್ನು ಪೂರ್ತಿ ಬಿಟ್ಟರು. ತೇವವಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯದು. ಹೀಗೆ ಹುಟ್ಟಿದ ‘ಪ್ಲಂಪಿನಟ್’ನ 92 ಗ್ರಾಂ ಪೊಟ್ಟಣದಲ್ಲಿ 500 ಕಿಲೋಕ್ಯಾಲರಿ ಇರುತ್ತದೆ. ಮೂಲೆ ಹರಿದು ಹಿಸುಕಿದರೆ ಸಾಕು, ಮಗು ತಾನೇ ಚೀಪುತ್ತದೆ. ಒಲೆ, ಪಾತ್ರೆ, ಚಮಚ ಯಾವುದೂ ಬೇಡ.

ಇಥಿಯೋಪಿಯಾದಲ್ಲಿ ವೈದ್ಯ ಸ್ಟೀವ್ ಕಾಲಿನ್ಸ್, ಮಲಾವಿಯಲ್ಲಿ ವೈದ್ಯ ಮಾರ್ಕ್ ಮೆನರಿ ಇಂಥ ಆಹಾರದಿಂದ ಮನೆಯಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. 2005ರ ನೈಜರ್ ಬಿಕ್ಕಟ್ಟಿನಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ 60,000ಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ಕೊಟ್ಟಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತಿತರ ಸಂಸ್ಥೆಗಳು ಈ ಪದ್ಧತಿಯನ್ನು ಜಂಟಿಯಾಗಿ ಅನುಮೋದಿಸಿದವು. ಈಗಿನ ಮಾನದಂಡದಂತೆ, ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದು, ಹಸಿವಿದ್ದು, ಬೇರೆ ತೊಡಕಿಲ್ಲದ ಮಗುವಿಗೆ ಮನೆಯಲ್ಲೇ ಆರೈಕೆ. ತೊಡಕಿದ್ದರೆ ಮಾತ್ರ ಆಸ್ಪತ್ರೆ.

ಭಾರತದಲ್ಲಿ ಹಾದಿ ಇಷ್ಟು ಸಲೀಸಾಗಿರಲಿಲ್ಲ. ಯುನಿಸೆಫ್ ತರಿಸಿದ ಪೇಸ್ಟಿಗೆ 2009ರಲ್ಲಿ ಕೇಂದ್ರ ಸರ್ಕಾರ ಆಕ್ಷೇಪಿಸಿತು. ಪೊಟ್ಟಣದ ರುಚಿ ಹತ್ತಿದರೆ ಮನೆಯೂಟ, ಎದೆಹಾಲು ಹಿಂದೆ ಸರಿಯುತ್ತವೆ, ಮಕ್ಕಳ ಹಸಿವು ಕಂಪನಿಗಳ ಮಾರುಕಟ್ಟೆಯಾಗುತ್ತದೆ ಎಂಬ ಆತಂಕ ಇಲ್ಲಿನ ಆಹಾರ ಹಕ್ಕು ಹೋರಾಟಗಾರರದು. ಅದು ನ್ಯಾಯವಾದ ಆತಂಕವೇ. ಆದರೂ ಇದು ದಿನನಿತ್ಯದ ಊಟವಲ್ಲ, ಕೆಲವು ವಾರಗಳ ಮದ್ದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.