ಒಂದೇ ಕ್ಲಾಸು, ಒಂದೇ ಪುಸ್ತಕ, ಅಷ್ಟಾದ್ರೆ ಸಮಾನತೆನಾ?

ಇವತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗೋಣ, 1970ರ ದಶಕದ ಆರಂಭಕ್ಕೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ ಮಕ್ಕಳು 2,856. ಸುಮಾರು 1,000 ಮಕ್ಕಳಿಗೆ ಇಂಗ್ಲಿಷ್ ಕಲಿಸೋ ವಿಶೇಷ ತರಗತಿ ಸಿಗ್ತಿತ್ತು. ಉಳಿದ 1,800 ಮಕ್ಕಳು? ಅರ್ಥವಾಗದ ಪಾಠದ ಮುಂದೆ ಸುಮ್ಮನೆ ಕೂತಿರಬೇಕಿತ್ತು. ತಮಾಷೆ ನೋಡಿ, 12ನೇ ತರಗತಿ ಪಾಸಾಗೋಕೆ ಇಂಗ್ಲಿಷ್ ಬರಲೇಬೇಕು ಅಂತ ಕ್ಯಾಲಿಫೋರ್ನಿಯಾ ಕಾನೂನೇ ಹೇಳ್ತಿತ್ತು.

ಪೋಷಕರು ಕೋರ್ಟಿಗೆ ಹೋದರು. ಲಾವ್ ಅನ್ನೋ ಪುಟ್ಟ ಹುಡುಗನ ಹೆಸರಲ್ಲಿ ಕೇಸು. ಎಲ್ಲರಿಗೂ ಒಂದೇ ಪಾಠ ಕೊಡ್ತಿದ್ದೀವಲ್ಲ, ಭೇದಭಾವ ಎಲ್ಲಿದೆ ಅನ್ನೋದು ಶಾಲಾ ಮಂಡಳಿಯ ವಾದ. ಕೆಳಗಿನ ಎರಡು ಕೋರ್ಟುಗಳೂ ಅದನ್ನ ಒಪ್ಪಿಬಿಟ್ಟವು. 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಂಬತ್ತೂ ನ್ಯಾಯಮೂರ್ತಿಗಳು ಮಕ್ಕಳ ಪರ. ತೀರ್ಪು ಬರೆದ ವಿಲಿಯಂ ಡಗ್ಲಸ್ ಹೇಳಿದ್ದಿಷ್ಟು: ಭಾಷೆಯೇ ತಿಳಿಯದ ಮಗುವಿಗೆ ಅದೇ ಪುಸ್ತಕ, ಅದೇ ಮೇಷ್ಟ್ರನ್ನ ಕೊಟ್ಟ ಮಾತ್ರಕ್ಕೆ ಅದು ಸಮಾನತೆ ಆಗೋದಿಲ್ಲ.

ಆದರೆ ಹೇಗೆ ಕಲಿಸಬೇಕು ಅನ್ನೋದನ್ನ ಕೋರ್ಟ್ ಹೇಳಲಿಲ್ಲ. ನನ್ನ ಪ್ರಕಾರ ಅಸಲಿ ಜಗಳ ಶುರುವಾಗಿದ್ದೇ ಅಲ್ಲಿಂದ.

ಸಂಶೋಧಕರು ಹುಡುಕ್ತಾ ಹೋದರು. ಬಡತನ, ಪೋಷಕರ ಓದು ಇವೆಲ್ಲ ಇದ್ದದ್ದೇ. ಕೆನಡಾದ ಜಿಮ್ ಕಮಿನ್ಸ್ ಇನ್ನೊಂದು ವಿಷಯ ತೋರಿಸಿದರು. ಆಟದ ಮೈದಾನದ ಇಂಗ್ಲಿಷ್ ಎರಡು ವರ್ಷದಲ್ಲಿ ಬಂದುಬಿಡುತ್ತೆ. ವಿಜ್ಞಾನದ ಪಾಠ ಓದಿ ಉತ್ತರ ಬರೆಯೋ ಇಂಗ್ಲಿಷ್‌ಗೆ ಐದರಿಂದ ಏಳು ವರ್ಷ ಬೇಕು. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂನಲ್ಲಿ ಓದಿ ಪಿಯುಸಿ ಸೈನ್ಸ್ ಸೇರಿದವರಿಗೆ ಇದನ್ನ ನಾನು ಬಿಡಿಸಿ ಹೇಳಬೇಕಿಲ್ಲ!

1987ರಲ್ಲಿ ವರ್ಜೀನಿಯಾ ಕೊಲಿಯರ್ ಅವರ ಅಧ್ಯಯನ ಇನ್ನೂ ಅಚ್ಚರಿ ಹುಟ್ಟಿಸಿತು. ಎಷ್ಟು ಚಿಕ್ಕ ವಯಸ್ಸಿಗೆ ಇಂಗ್ಲಿಷ್ ಶಾಲೆಗೆ ಹಾಕಿದ್ರೆ ಅಷ್ಟು ಒಳ್ಳೇದು ಅಂತೀವಲ್ವಾ? ಆದರೆ 8ರಿಂದ 11ನೇ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದ ಮಕ್ಕಳು, 5ರಿಂದ 7ರಲ್ಲಿ ಬಂದವರಿಗಿಂತ ಬೇಗ ಪಾಠದಲ್ಲಿ ಮುಂದೆ ಬಂದರು. ಕಾರಣ ಏನಂದ್ರೆ, ಅವರು ತಮ್ಮ ಭಾಷೆಯಲ್ಲಿ ಕೆಲವು ವರ್ಷ ಓದು ಬರಹ ಕಲಿತೇ ಬಂದಿದ್ದರು. 12 ದಾಟಿ ಬಂದವರಿಗೆ ಮಾತ್ರ ತುಂಬಾ ಕಷ್ಟ. ಭಾಷೆ ಕಲಿಯೋಷ್ಟರಲ್ಲಿ ಸಿಲಬಸ್ಸೇ ಮುಂದೆ ಓಡಿಬಿಡ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ 1998ರಲ್ಲಿ ಕ್ಯಾಲಿಫೋರ್ನಿಯಾ ಮತದಾರರು ಏನು ಮಾಡಿದರು ಗೊತ್ತಾ? ಪ್ರಪೊಸಿಷನ್ 227ಕ್ಕೆ ಶೇ 61ರಷ್ಟು ಮತ ಹಾಕಿ ಗೆಲ್ಲಿಸಿದರು. ಸಾಮಾನ್ಯವಾಗಿ ಒಂದೇ ವರ್ಷ ಇಂಗ್ಲಿಷ್ ತರಬೇತಿ, ಆಮೇಲೆ ಸೀದಾ ಮಾಮೂಲಿ ಕ್ಲಾಸಿಗೆ. ಐದಾರು ವರ್ಷದ ಕೆಲಸಕ್ಕೆ ಒಂದು ವರ್ಷದ ಗಡುವು! ಕಾಯೋ ತಾಳ್ಮೆ ಮಾತ್ರ ಯಾರಿಗೂ ಇರ್ಲಿಲ್ಲ ಅನ್ಸುತ್ತೆ.

ಆ ಕಾನೂನಿನ ಬಹುಪಾಲನ್ನ ಅದೇ ಮತದಾರರು ರದ್ದು ಮಾಡಿದ್ದು 2016ರಲ್ಲಿ. 1998ರಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದ ಆರು ವರ್ಷದ ಮಗುವಿಗೆ ಆಗ 24 ತುಂಬಿತ್ತು.