ಒಂದೇ ಕಂಬ, ಹಲವು ಕಂಪನಿ: ವಿದ್ಯುತ್ ಸಂಸ್ಥೆಯ ಫೈಬರ್‌ನಲ್ಲಿ ಮನೆಗೆ ಬರುವ ಇಂಟರ್ನೆಟ್

ಐರ್ಲೆಂಡಿಗೆ ಹೊಸದಾಗಿ ಬಂದು ಮನೆ ಹಿಡಿದ ಕನ್ನಡ ಕುಟುಂಬಗಳು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: "ಇಲ್ಲಿ ಯಾವ ಕಂಪನಿಯ ಬ್ರಾಡ್‌ಬ್ಯಾಂಡ್ ಒಳ್ಳೆಯದು?" ಈ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ನಮ್ಮ ಮನೆಗೆ ಬರುವ ತಂತಿ ಯಾರದು? ಬಿಲ್ ಕಳಿಸುವ ಕಂಪನಿ ಒಂದು, ತಂತಿಯ ಒಡೆಯ ಇನ್ನೊಬ್ಬ. ಎಷ್ಟೋ ಊರುಗಳಲ್ಲಿ ಆ ತಂತಿ ಬರುವುದು ಕರೆಂಟಿನ ಕಂಬದ ಮೇಲೆಯೇ. ಈ ಏರ್ಪಾಡಿನ ಬಗ್ಗೆ ಎಲ್ಲರಿಗೂ ಉಪಯೋಗವಾಗುವಷ್ಟು ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

ವಿದ್ಯುತ್ ಸಂಸ್ಥೆಗೆ ಫೈಬರ್ ಏಕೆ?

ವಿದ್ಯುತ್ ಸಂಸ್ಥೆಗಳು ಫೈಬರ್ ಎಳೆದದ್ದು ಮೊದಲು ತಮ್ಮದೇ ಕೆಲಸಕ್ಕೆ. ಒಂದು ಸಬ್‌ಸ್ಟೇಷನ್ ಇನ್ನೊಂದರ ಜೊತೆ ಕ್ಷಣಾರ್ಧದಲ್ಲಿ ಮಾತಾಡಬೇಕು, ದೋಷ ಕಂಡ ಕೂಡಲೇ ಲೈನ್ ಕಡಿತವಾಗಬೇಕು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಹರಿಯುವುದು ಬೆಳಕು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಅದನ್ನು ವಿದ್ಯುತ್ ತಂತಿಯ ಪಕ್ಕದಲ್ಲೇ ಹಾಕಬಹುದು. ದೊಡ್ಡ ಗೋಪುರಗಳ ತುದಿಯಲ್ಲಿ ಸಿಡಿಲಿನಿಂದ ರಕ್ಷಣೆಗೆಂದು ಒಂದು ಅರ್ತ್ ತಂತಿ ಇರುತ್ತದೆ. ಆ ತಂತಿಯ ಹೊಟ್ಟೆಯೊಳಗೇ ಫೈಬರ್ ಎಳೆಗಳನ್ನು ಇಡುವ ಪದ್ಧತಿಯೂ ಇದೆ.

ಒಂದು ಕೇಬಲ್‌ನಲ್ಲಿ ಹತ್ತಾರು ಎಳೆಗಳಿರುತ್ತವೆ. ಸಂಸ್ಥೆಗೆ ಬೇಕಾದದ್ದು ಕೆಲವೇ ಕೆಲವು. ಉಳಿದವನ್ನು ಟೆಲಿಕಾಂ ಕಂಪನಿಗಳಿಗೆ ಬಾಡಿಗೆಗೆ ಕೊಡಬಹುದಲ್ಲವೇ? ಯೋಚನೆ ಶುರುವಾದದ್ದು ಇಲ್ಲಿಂದ. ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಹೊಸ ಜಾಲ ಹಾಕುವ ವೆಚ್ಚದಲ್ಲಿ ರಸ್ತೆ ಅಗೆಯುವಂಥ ಸಿವಿಲ್ ಕೆಲಸಗಳ ಪಾಲು ಶೇ. 80ರವರೆಗೂ ಆಗಬಹುದು ಎಂದು ಯುರೋಪಿಯನ್ ಒಕ್ಕೂಟ ಹೇಳಿದೆ. ಕಂಬ, ಕೊಳವೆ, ದಾರಿ ಎಲ್ಲವೂ ಮೊದಲೇ ಇರುವವರು ವಿದ್ಯುತ್ ಸಂಸ್ಥೆಯವರು. ಇವನ್ನು ಹಂಚಿಕೊಳ್ಳಲು ಅನುಕೂಲವಾಗುವಂತೆ ಒಕ್ಕೂಟ 2014ರಲ್ಲಿ ನಿರ್ದೇಶನವನ್ನೂ ಹೊರಡಿಸಿತು.

ಐರ್ಲೆಂಡಿನ ಸೈರೋ

ಇಲ್ಲಿನ ವಿದ್ಯುತ್ ಸಂಸ್ಥೆ ಇಎಸ್‌ಬಿ ಸ್ಥಾಪನೆಯಾದದ್ದು 1927ರಲ್ಲಿ. ಹಳ್ಳಿಗಳಿಗೆ ವಿದ್ಯುತ್ ಕೊಡುವ ಯೋಜನೆಯ ಮೊದಲ ಕಂಬ ಡಬ್ಲಿನ್ ಕೌಂಟಿಯ ಕಿಲ್‌ಸಲ್ಲಾಹನ್‌ನಲ್ಲಿ 1946ರ ನವೆಂಬರ್ 5ರಂದು ನಿಂತಿತು. ಅಂದಿನಿಂದ ಬೆಳೆದ ಆ ಜಾಲವನ್ನೇ ಬಳಸಿ ಮನೆಮನೆಗೆ ಫೈಬರ್ ಕೊಡಲು 2014ರಲ್ಲಿ ಇಎಸ್‌ಬಿ ಮತ್ತು ವೊಡಾಫೋನ್ ಸಮಪಾಲಿನಲ್ಲಿ ಕಂಪನಿಯೊಂದನ್ನು ಕಟ್ಟಿದವು. ಇದಕ್ಕೆಂದೇ ಅದೇ ವರ್ಷ ಐರಿಷ್ ಸಂಸತ್ತು ಕಾನೂನು ಮಾಡಿತು. ಮೊದಲ ಹೂಡಿಕೆ 45 ಕೋಟಿ ಯೂರೋ, ಗುರಿ 50 ಪಟ್ಟಣಗಳ 5 ಲಕ್ಷ ಕಟ್ಟಡಗಳು. 2015ರಲ್ಲಿ ಕಂಪನಿಗೆ ಸೈರೋ ಎಂದು ಹೆಸರಿಟ್ಟರು. 2021ರಲ್ಲಿ ಇನ್ನೂ 62 ಕೋಟಿ ಯೂರೋ ಹೂಡಿ, ಗುರಿಯನ್ನು 7 ಲಕ್ಷ 70 ಸಾವಿರ ಕಟ್ಟಡಗಳಿಗೆ ಏರಿಸಿರುವುದಾಗಿ ಪ್ರಕಟಿಸಿದರು.

ಸೈರೋ ನೇರವಾಗಿ ಗ್ರಾಹಕರಿಗೆ ಮಾರುವುದಿಲ್ಲ, ಅದರದು ಸಗಟು ವ್ಯಾಪಾರ ಮಾತ್ರ. ಅದರ ಫೈಬರ್ ಮೇಲೆ ವೊಡಾಫೋನ್, ಸ್ಕೈ, ಡಿಜಿವೆಬ್ ಮುಂತಾದ ಕಂಪನಿಗಳು ಸೇವೆ ಮಾರುತ್ತವೆ. ಪಾಲುದಾರನಾದ ವೊಡಾಫೋನ್ ಕೂಡ ಉಳಿದವರ ಹಾಗೆ ಒಬ್ಬ ಗ್ರಾಹಕನೇ. ರಸ್ತೆ ಒಂದು, ಅದರ ಮೇಲೆ ಓಡುವ ಬಸ್ಸುಗಳು ಹಲವು ಎಂದುಕೊಂಡರೆ ಸರಿ.

ಹಂಚಿಕೊಳ್ಳುವ ಬಗೆಗಳು

* ಕಂಬ, ಕೊಳವೆಗಳ ಬಾಡಿಗೆ: ಟೆಲಿಕಾಂ ಕಂಪನಿ ತನ್ನದೇ ಕೇಬಲ್ ತಂದು ಹಾಕಿಕೊಳ್ಳುತ್ತದೆ.
* ಡಾರ್ಕ್ ಫೈಬರ್: ಬೆಳಕು ಹಾಯಿಸದ ಖಾಲಿ ಎಳೆಯ ಬಾಡಿಗೆ. ಎರಡೂ ತುದಿಯ ಉಪಕರಣ ಬಾಡಿಗೆದಾರನದು.
* ತರಂಗಾಂತರ: ಒಂದೇ ಎಳೆಯಲ್ಲಿ ಬೇರೆ ಬೇರೆ ಬಣ್ಣದ ಬೆಳಕು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ.
* ಸಗಟು ಸಂಪರ್ಕ: ಫೈಬರ್, ಉಪಕರಣ ಎರಡೂ ಒಡೆಯನವು. ಒಂದೊಂದು ಕಂಪನಿಯ ಡೇಟಾಗೆ ಒಂದೊಂದು ಗುರುತಿನ ಸಂಖ್ಯೆ ಹಚ್ಚಿ ಬೇರ್ಪಡಿಸುತ್ತಾರೆ. ಸೈರೋ ಮನೆಗಳಿಗೆ ಬರುವುದು ಈ ರೀತಿ.

ಭಾರತದಲ್ಲಿ

ಕೇಂದ್ರ ಸರ್ಕಾರದ ಪವರ್‌ಗ್ರಿಡ್ ಸಂಸ್ಥೆ ತನ್ನ ಹೈಟೆನ್ಷನ್ ಲೈನುಗಳ ಮೇಲಿನ ಫೈಬರನ್ನು ಟೆಲಿಕಾಂ ಕಂಪನಿಗಳಿಗೆ ಬಹಳ ಹಿಂದಿನಿಂದಲೂ ಬಾಡಿಗೆಗೆ ಕೊಡುತ್ತಿದೆ. ನೆರೆಯ ಕೇರಳದಲ್ಲಿ ಅಲ್ಲಿನ ವಿದ್ಯುತ್ ಮಂಡಳಿಯ ಕಂಬಗಳನ್ನು ಬಳಸಿ ಕಟ್ಟಿದ ಕೆ-ಫೋನ್ ಜಾಲ 2023ರ ಜೂನ್ 5ರಂದು ಉದ್ಘಾಟನೆಯಾಯಿತು. ಇನ್ನು ನಮ್ಮ ಬೆಂಗಳೂರಿನ ಬೀದಿಗಳು? ಕಂಬಕ್ಕೆ ಯಾರು ಯಾರೋ ಸುತ್ತಿದ ಕೇಬಲ್‌ಗಳು ತಲೆಯ ಮೇಲೆ ನೇತಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅನುಮತಿ ಇಲ್ಲದ ಕೇಬಲ್‌ಗಳನ್ನು ಬೆಸ್ಕಾಂ ಆಗಾಗ ಕಿತ್ತು ಹಾಕುತ್ತದೆ, ಮನೆಗಳ ಇಂಟರ್ನೆಟ್ ನಿಲ್ಲುತ್ತದೆ, ಸ್ವಲ್ಪ ದಿನಕ್ಕೆ ಕೇಬಲ್ ಮತ್ತೆ ಬರುತ್ತದೆ. ಕಂಬವನ್ನು ಅಲ್ಲೂ ಹಂಚಿಕೊಂಡಿದ್ದಾರೆ, ಆದರೆ ಲೆಕ್ಕಾಚಾರವಿಲ್ಲದೆ. ಒಬ್ಬ ಹೊಣೆಗಾರ ಒಂದೇ ಕೇಬಲ್ ಹಾಕಿ ಎಲ್ಲರಿಗೂ ಒಂದೇ ನಿಯಮದಲ್ಲಿ ಕೊಟ್ಟರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ನಾವು ಗಮನಿಸಬೇಕಾದದ್ದು

ಒಂದೇ ಫೈಬರ್ ಮೇಲೆ ಎರಡು ಕಂಪನಿಗಳು ಇದ್ದರೆ, ಮನೆಯಿಂದ ಎಕ್ಸ್‌ಚೇಂಜ್‌ವರೆಗಿನ ದಾರಿ ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ಬೆಲೆ, ಒಪ್ಪಂದದ ಅವಧಿ, ರೌಟರ್, ಗ್ರಾಹಕ ಸೇವೆ ಮತ್ತು ಅಲ್ಲಿಂದ ಮುಂದಿನ ದಾರಿಯಲ್ಲಿ. ಹುಬ್ಬಳ್ಳಿಯ ಅಜ್ಜಿಯೊಡನೆ ವಿಡಿಯೋ ಮಾತುಕತೆ ತಡವರಿಸಿದರೆ ದೋಷ ಫೈಬರ್‌ನದೇ ಆಗಬೇಕಿಲ್ಲ. ಮನೆಯ ವೈಫೈ ಇರಬಹುದು, ಕಂಪನಿಯ ಮುಂದಿನ ಸಂಪರ್ಕವೂ ಇರಬಹುದು. ತಂತಿಯೇ ಕೆಟ್ಟರೂ ದೂರು ಕೊಡಬೇಕಾದದ್ದು ಬಿಲ್ ಕಳಿಸುವ ಕಂಪನಿಗೆ. ಸೈರೋಗೆ ತಿಳಿಸುವುದು ಅವರ ಕೆಲಸ.

ಮನೆಯ ಮುಂದೆ ಇಎಸ್‌ಬಿ ಕಂಬ ಇದೆಯೆಂದ ಮಾತ್ರಕ್ಕೆ ಸೈರೋ ಫೈಬರ್ ಇದೆ ಎಂದಲ್ಲ. ಸೈರೋ ಮುಖ್ಯವಾಗಿ ಪಟ್ಟಣಗಳಲ್ಲಿದೆ. ಹಳ್ಳಿಗಾಡಿನ ಸರ್ಕಾರಿ ಯೋಜನೆಯನ್ನು 2019ರ ಒಪ್ಪಂದದಂತೆ ನಡೆಸುತ್ತಿರುವುದು ನ್ಯಾಷನಲ್ ಬ್ರಾಡ್‌ಬ್ಯಾಂಡ್ ಐರ್ಲೆಂಡ್. ಅದು ಹೆಚ್ಚಾಗಿ ಏರ್ ಕಂಪನಿಯ ಟೆಲಿಫೋನ್ ಕಂಬಗಳನ್ನು ಬಾಡಿಗೆಗೆ ಪಡೆದಿದೆ. ಆದ್ದರಿಂದ ಮನೆ ಬಾಡಿಗೆಗೆ ಸಹಿ ಹಾಕುವ ಮೊದಲೇ ಏರ್‌ಕೋಡ್ ಹಾಕಿ ಯಾವ ಯಾವ ಜಾಲ ಲಭ್ಯವಿದೆ ಎಂದು ನೋಡಿಕೊಳ್ಳಿ. ಮನೆಯಿಂದ ಕೆಲಸ ಮಾಡುವವರಿಗಂತೂ ಇದು ಬಹಳ ಮುಖ್ಯ.

ಕರೆಂಟ್ ಹೋದಾಗ

ಈ ಏರ್ಪಾಡಿನ ದುರ್ಬಲ ಕೊಂಡಿ ಇದು. ಹಂಚಿಕೊಂಡ ಕಂಬ ಮುರಿದರೆ ಕರೆಂಟ್, ಇಂಟರ್ನೆಟ್ ಎರಡೂ ಒಟ್ಟಿಗೆ ಹೋಗುತ್ತವೆ. 2025ರ ಜನವರಿ 24ರ ಇಯೊವಿನ್ ಬಿರುಗಾಳಿಯಲ್ಲಿ ಇಲ್ಲಿ 7 ಲಕ್ಷ 68 ಸಾವಿರ ಮನೆ, ಅಂಗಡಿ, ಕಚೇರಿಗಳು ಕತ್ತಲಾದವು. ಕಂಬ ನಿಂತೇ ಇದ್ದರೂ ಮನೆಯಲ್ಲಿ ಕರೆಂಟ್ ಇಲ್ಲದಿದ್ದರೆ ಫೈಬರ್ ಕೆಲಸ ಮಾಡದು. ಹಳೆಯ ತಾಮ್ರದ ತಂತಿಯ ಫೋನಿಗೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು. ಫೈಬರ್ ಮೂಲಕ ಬರುವ ಮನೆ ಫೋನಿಗೆ ಆ ಅನುಕೂಲವಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮ ಹಗಲಿಡೀ ಮನೆಯಲ್ಲಿ ಇಬ್ಬರೇ ಇರುವ ಸಂದರ್ಭ ನಮ್ಮಲ್ಲಿ ಸಾಮಾನ್ಯ. ಅಂಥವರು ಈ ಮುನ್ನೆಚ್ಚರಿಕೆ ವಹಿಸುವುದು ಒಳ್ಳೆಯದು:

* ಫೈಬರ್ ಪೆಟ್ಟಿಗೆ ಮತ್ತು ರೌಟರ್ ಎರಡಕ್ಕೂ ಸೇರಿ ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ. ಒಂದಕ್ಕೆ ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ.
* ಹಿರಿಯರ ಬಳಿ ಚಾರ್ಜ್ ಆದ ಮೊಬೈಲ್ ಮತ್ತು ಪವರ್ ಬ್ಯಾಂಕ್ ಇರಲಿ. ತುರ್ತು ಕರೆಗೆ 112 ಅಥವಾ 999 ಎಂದು ಕನ್ನಡದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿಡಿ.
* ಬಿದ್ದ ತಂತಿ ಫೈಬರ್ ಇರಬಹುದೆಂದು ಮುಟ್ಟಲೇಬೇಡಿ, ಮಕ್ಕಳನ್ನೂ ಹತ್ತಿರ ಬಿಡಬೇಡಿ. ಇಎಸ್‌ಬಿ ನೆಟ್‌ವರ್ಕ್ಸ್‌ನ ತುರ್ತು ಸಂಖ್ಯೆ 1800 372 999ಕ್ಕೆ ತಿಳಿಸಿ.

ಹೊಸದಾಗಿ ಬಂದ ಕನ್ನಡ ಕುಟುಂಬಗಳು ನಿಮ್ಮ ಪರಿಚಯದಲ್ಲಿದ್ದರೆ ಈ ಮಾಹಿತಿಯನ್ನು ಅವರಿಗೂ ತಲುಪಿಸಿ.