ಕತೆ ಉಳಿಸಿದ ರೈಲು ನಿಲ್ದಾಣ

ಮಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಘಟ್ಟದ ನೆತ್ತಿಯ ಮೇಲಿರುವ ಆಗುಂಬೆ ಮಳೆಗೆ ಹೆಸರಾದ ಊರು. 1980ರ ದಶಕದಲ್ಲಿ ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಿದಾಗ ಆಗುಂಬೆಯೇ ಮಾಲ್ಗುಡಿಯಾಯಿತು. ಆದರೆ ಆಗುಂಬೆಗೆ ರೈಲಿಲ್ಲ. ಮಾಲ್ಗುಡಿಗೆ ಅದಿಲ್ಲದೆ ಆಗದು. 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ಬರೆಯಹೊರಟಾಗ ಆರ್.ಕೆ. ನಾರಾಯಣ್ ಅವರ ಮನಸ್ಸಿನಲ್ಲಿ ಮೊದಲು ಮೂಡಿದ್ದೇ ಒಂದು ಪುಟ್ಟ ರೈಲು ನಿಲ್ದಾಣ.

ಆ ನಿಲ್ದಾಣ ದೊರೆತದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ, ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ. ಆಗ ಅದು ಮೀಟರ್‌ಗೇಜ್ ಮಾರ್ಗ.

ಮೀಟರ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1,000 ಮಿ.ಮೀ.; ಬ್ರಾಡ್‌ಗೇಜ್‌ನಲ್ಲಿ 1,676 ಮಿ.ಮೀ. ಮಾರ್ಗ ಪರಿವರ್ತನೆ ಎಂದರೆ ಹಳಿಗಳನ್ನು 676 ಮಿ.ಮೀ. ದೂರ ಸರಿಸುವುದಷ್ಟೇ ಅಲ್ಲ. ಬೋಗಿಯ ಅಗಲ, ಎತ್ತರ, ಭಾರ ಹೆಚ್ಚುತ್ತವೆ. ಆದ್ದರಿಂದ ಸ್ಲೀಪರ್, ತಿರುವು, ಸೇತುವೆ, ಪ್ಲಾಟ್‌ಫಾರಂ ಎಲ್ಲವನ್ನೂ ಮರುಪರಿಶೀಲಿಸಬೇಕು. ಹಳೆಯ ಕಟ್ಟಡಗಳು ಹಲವೆಡೆ ನಿರುಪಯುಕ್ತವಾಗುತ್ತವೆ. 2011ರ ವೇಳೆಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಬಂದಿತು. ಅರಸಾಳಿನ ಹಳೆಯ ನಿಲ್ದಾಣವೂ ಕೆಲಸ ಕಳೆದುಕೊಂಡಿತು.

ಅದನ್ನು ಉಳಿಸಿದ್ದು ಸಾಹಿತ್ಯ. ನೈಋತ್ಯ ರೈಲ್ವೆಯು ಕಟ್ಟಡವನ್ನು ದುರಸ್ತಿಗೊಳಿಸಿ, 2020ರಲ್ಲಿ ‘ಮಾಲ್ಗುಡಿ’ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಇದನ್ನು ರೂಪಿಸಿದರು. ಹಳೆಯದೊಂದು ಮೀಟರ್‌ಗೇಜ್ ಬೋಗಿ ಅಲ್ಲಿ ಚಹಾದಂಗಡಿಯಾಯಿತು.

ಎಲ್ಲ ನಿಲ್ದಾಣಗಳಿಗೂ ಈ ಭಾಗ್ಯವಿಲ್ಲ. ಮಂಗಳೂರಿಗೆ 1907ರಲ್ಲಿ ದಕ್ಷಿಣದಿಂದ ಬಂದದ್ದು ಬ್ರಾಡ್‌ಗೇಜ್. 1979ರಲ್ಲಿ ಹಾಸನದಿಂದ ಘಟ್ಟವಿಳಿದು ಬಂದದ್ದು ಮೀಟರ್‌ಗೇಜ್. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಸುಮಾರು 55 ಕಿ.ಮೀ.ಗಳಲ್ಲಿ 57 ಸುರಂಗಗಳಿವೆ. ಏರು 50 ಮೀಟರಿಗೆ 1 ಮೀಟರ್‌ನಷ್ಟು. ಪರಿವರ್ತನೆಗಾಗಿ 1996ರಲ್ಲಿ ನಿಂತ ಸಂಚಾರ ಸರಕು ರೈಲುಗಳಿಗೆ 2006ರಲ್ಲಿ, ಪ್ರಯಾಣಿಕರಿಗೆ 2007ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಈ ದಾರಿಯ ಮೀಟರ್‌ಗೇಜ್ ದಿನಗಳನ್ನು ನೆನಪಿಸಲು ಮಾಲ್ಗುಡಿಯಂಥ ಕತೆಯಿಲ್ಲ.

ಕತೆಯಿಲ್ಲದ ಕಡೆ ದಾಖಲೆಯಾದರೂ ಇರಬೇಕಲ್ಲವೇ? ಈ ಕೆಲಸ ಶಾಲೆಗಳಿಂದಲೇ ಆರಂಭವಾಗಬಹುದು. ವಿದ್ಯಾರ್ಥಿಗಳು ಊರಿನ ಹಳೆಯ ನಿಲ್ದಾಣದ ಕಟ್ಟಡವನ್ನು ಹೊರಗಿನಿಂದ ಅಳೆದು ನಕ್ಷೆ ಬರೆಯಲಿ. ಗೋಡೆಯ ಕಲ್ಲು, ಛಾವಣಿಯ ಹೆಂಚು ಯಾವುದೆಂದು ಗುರುತಿಸಲಿ. ನಿವೃತ್ತ ರೈಲ್ವೆ ನೌಕರರನ್ನು ಮಾತನಾಡಿಸಿ ಬರೆದಿಡಲಿ. ಹಳಿಯ ಬಳಿಗೆ ಮಾತ್ರ ಹೋಗಬಾರದು. ಕಟ್ಟಡ ಉರುಳಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ.